ಮಾವನ ಕರಡಿಗೆಯ ಬಿಡುಗಡೆಗಾಗಿ

ಕೋಗಿಲಬನ, ೧೯೬೩

ಇಂದ:
ಉಳವಪ್ಪ, ಪ್ರಯೋಗಶಾಲೆಯ ಸಹಾಯಕ
(ಸದ್ಯ ಬಿಡಾರದಲ್ಲಿ ಒಬ್ಬನೇ)

ಗೆ:
ಮುಖ್ಯ ರಸಾಯನಜ್ಞ ಸಾಹೇಬರು, ಕಾರ್ಖಾನೆಯ ಪ್ರಯೋಗಶಾಲೆ, ದಾಂಡೇಲಿ

ವಿಷಯ: ತಮ್ಮ ಡ್ರಾವರಿನಲ್ಲಿರುವ ಕರಡಿಗೆಯನ್ನು ಬಿಟ್ಟುಕೊಟ್ಟು ಅರ್ಜಿದಾರನ ಸಂಸಾರ ಉಳಿಸುವ ಕುರಿತು.

ಉಲ್ಲೇಖ: ತಾವು ಸೋಮವಾರ ಎಲ್ಲರೆದುರು ಬೈದದ್ದು.

ಮಾನ್ಯರೇ,

೧. ಸದರಿ ಅರ್ಜಿದಾರನು ಡೈಮಿಥೈಲ್‌ಗ್ಲೈಆಕ್ಸಿಮ್ ಎಂಬ ಪುಡಿಯನ್ನು ನಂಬಿ ಕೆಟ್ಟವನು. ಪುಡಿ ನೋಡಲು ಬೆಳ್ಳಗೆ, ಬಲು ಸಾಧು. ನೀರಿಗೆ ಜಗ್ಗದು, ಸ್ಪಿರಿಟ್ ಕಂಡರೆ ಕರಗುತ್ತದೆ. ಇದೇ ಗುಣದ ಮನುಷ್ಯರನ್ನು ಅರ್ಜಿದಾರನು ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಕಂಡಿದ್ದಾನೆ. ಅಮೋನಿಯಾದ ಜೊತೆ ನಿಕ್ಕೆಲ್ ಸಿಕ್ಕಿತೋ, ಕುಂಕುಮದಂತೆ ಕೆಂಪಾಗಿ ಗುಟ್ಟು ರಟ್ಟು ಮಾಡುತ್ತದೆ. ಉಕ್ಕಿನ ಪರೀಕ್ಷೆಗೆ ಉತ್ತಮ, ಬೀಗರ ಪರೀಕ್ಷೆಗೆ ಸಲ್ಲದು.

೨. ಇಷ್ಟಲಿಂಗ ಇರಿಸಿ ಕೊರಳಿಗೆ ಹಾಕುವ ಬೆಳ್ಳಿ ಕರಡಿಗೆಯನ್ನು ಸನವಳ್ಳಿಯ ಮಾವ ಶಿವಲಿಂಗಪ್ಪನವರು ಮದುವೆಯಲ್ಲಿ ಕೊಟ್ಟಿದ್ದರು. ಹೊಸ ವಿದ್ಯೆಯ ಸೊಕ್ಕಿನ ಕಾರಣ ಅರ್ಜಿದಾರನು ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಂಡು, ಖಾಲಿ ಕರಡಿಗೆಯ ತಳಕ್ಕೆ ಆಸಿಡ್ ಹನಿಸಿ ಸದರಿ ಪುಡಿಯಿಂದ ಪರೀಕ್ಷಿಸಿದನು. ಕೆಂಪು ಬಂತು. ಅಂದರೆ ನಿಕ್ಕೆಲ್ ಬೆರೆತ, ಹೆಸರಿಗಷ್ಟೇ ಬೆಳ್ಳಿಯಾದ ಜರ್ಮನ್ ಸಿಲ್ವರ್!

೩. ಆದ್ದರಿಂದ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಬಿಡಾರಕ್ಕೆ ಬಂದ ಮಾವನವರು ಊಟಕ್ಕೆ ಕೂತಾಗ ಅರ್ಜಿದಾರನು ವರದಿ ಒಪ್ಪಿಸಿದನು. ಅವರು ತುತ್ತನ್ನು ತಾಟಿಗೆ ಇಳಿಸಿ, "ಅದು ನಮ್ಮಪ್ಪನ ಕೊರಳಾಗಿಂದ್ರಿ, ಅಳಿಯಂದ್ರ. ಬೆಳ್ಳಿ ಅಂತನ ತಿಳಿದಿದ್ವಿ" ಎಂದು ಎದ್ದುಬಿಟ್ಟರು. ಹೆಂಡತಿ ನೀಲಕ್ಕ, "ನಿಮ್ಮ ಶ್ಯಾಣ್ಯಾತನ ಬಾಟ್ಲ್ಯಾಗ ಹಾಕ್ಕೊಂಡು ಕೂಡ್ರಿ" ಎಂದು ಅಪ್ಪನ ಹಿಂದೆಯೇ ಬಸ್ಸು ಹತ್ತಿದಳು. ಅರ್ಜಿದಾರನಿಗೆ ಬಹಳ ಸಂಕಟವಾಯಿತು, ಈಗಲೂ ಆಗುತ್ತಿದೆ.

೪. ಪುಡಿ ಕೆಟ್ಟಿರಬಹುದೆಂಬ ಆಸೆಯಿಂದ ಸೋಮವಾರ ಮತ್ತೆ ಪರೀಕ್ಷಿಸಲಾಗಿ, ಕೆಂಪೂ ಬಂತು, ತಾವೂ ಬಂದಿರಿ. ಕಾರ್ಖಾನೆಯ ಪುಡಿಯನ್ನು ಮನೆಗೆಲಸಕ್ಕೆ ಬಳಸಿದ್ದಕ್ಕೆ ಬೈದು, ಕರಡಿಗೆಗೆ "ಜರ್ಮನ್ ಸಿಲ್ವರ್" ಎಂದು ಚೀಟಿ ಅಂಟಿಸಿ, ಡ್ರಾವರಿಗೆ ಬೀಗ ಜಡಿದಿರಿ.

೫. ಈಗ ನೀಲಕ್ಕ ಹೇಳಿ ಕಳಿಸಿದ್ದಾಳೆ: "ಅದನ್ನ ಕೊರಳಾಗ ಹಾಕ್ಕೊಂಡು ಬರ್ರಿ. ಅಪ್ಪ ಕಣ್ಣಾರೆ ನೋಡ್ಲಿ. ಅಂದ್ರ ನಾ ಬರ್ತೇನಿ."

ಕಾರಣ, ಕರಡಿಗೆಯನ್ನು ದಯಮಾಡಿ ಹಿಂದಿರುಗಿಸಬೇಕು.

ಇನ್ನು ಬೀಗರ ಗೊಡವೆಗೆ ಹೋಗದ,
ತಮ್ಮ ವಿಶ್ವಾಸಿ,
ಉಳವಪ್ಪ

ಲಗತ್ತು: ಕೆಂಪು ಕಲೆಯ ಸೋಸುಕಾಗದ (ನೋಡಿದ ಮೇಲೆ ಸುಡುವುದು).

ವಿ.ಸೂ.: ಗೇಟಿನ ಕಾವಲುಗಾರ ಪರಸಪ್ಪನು ಸನವಳ್ಳಿಯವನೇ ಆಗಿದ್ದು, ಹೊರಹೋಗುವ ಸಾಮಾನಿನ ಪಾಸನ್ನು ಗಟ್ಟಿಯಾಗಿ ಓದುವ ರೂಢಿಯುಳ್ಳವನು. ಆದ್ದರಿಂದ ಪಾಸಿನಲ್ಲಿ "ಬೆಳ್ಳಿ ಕರಡಿಗೆ" ಎಂದು ಸ್ವತಃ ಬರೆದು ಸಹಿ ಮಾಡಬೇಕಾಗಿ ವಿನಂತಿ.