ಡಿಡ್ಸ್‌ಬರಿಯ ಕ್ಲೆಮಾಟಿಸ್ ಬಳ್ಳಿಯವರಿಗೆ, ಹೂವಿನ ವಿಷಯವಾಗಿ

ಗೋಡೆ ಹಿಡಿದು ನಿಂತಿರುವ ಮಾನ್ಯರೇ,

ಬೇರಿಗೆ ನೆರಳು, ತುದಿಗೆ ಬಿಸಿಲು, ನಡುವೆ ಮ್ಯಾಂಚೆಸ್ಟರಿನ ತಪ್ಪದ ತುಂತುರು, ಇವೆಲ್ಲ ತಮಗೆ ಹೊತ್ತುಹೊತ್ತಿಗೆ ಸಲ್ಲುತ್ತಿವೆ ಎಂಬ ನಂಬಿಕೆಯಿಂದ, ತಮ್ಮ ಬೇರಿನ ಪಕ್ಕದ ಬಾಗಿಲಲ್ಲೇ ವಾಸವಾಗಿರುವ ಡಾಕ್ಟರ್ ಚಿದಾನಂದನು ಮಾಡುವ ವಿನಮ್ರ ವಿಜ್ಞಾಪನೆ. ಎದುರಿಗೇ ನಿಂತು ಹೇಳಬಹುದಾದ ಮಾತನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದುದಕ್ಕೆ ಕ್ಷಮೆ ಇರಲಿ. ಎದುರಿಗೆ ನಿಂತು ಹೇಳಿದಾಗಲೆಲ್ಲ ನಾಯಿ ಅಡ್ಡಾಡಿಸಲು ಬಂದವರು ನನ್ನ ಮುಖ ನೋಡಿ ನಾಯಿಯನ್ನು ಬೇಗ ಎಳೆದುಕೊಂಡು ಹೋಗುತ್ತಾರೆ, ಮತ್ತು ಅವರಲ್ಲಿ ಕೆಲವರಿಗೆ ನಾನು ನಾಳೆ ಅರಿವಳಿಕೆ ಕೊಡಬೇಕಾಗಿರುತ್ತದೆ.

ಹೌದು, ನನ್ನ ಉದ್ಯೋಗವೇ ಜನರನ್ನು ನಿದ್ದೆ ಮಾಡಿಸುವುದು, ಅದಕ್ಕಿಂತ ಮುಖ್ಯವಾಗಿ ಕೆಲಸ ಮುಗಿದ ಮೇಲೆ ಎಬ್ಬಿಸುವುದು. ನಾನು ಮಲಗಿಸದೆಯೂ ಮಲಗಿ, ಎಷ್ಟು ಎಬ್ಬಿಸಿದರೂ ಏಳದೆ ಇರುವ ಜೀವ ನನ್ನ ಇಡೀ ಸೇವಾವಧಿಯಲ್ಲಿ ತಾವೊಬ್ಬರೇ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ.

ತಾವು ಈ ಮನೆಗೆ ಬಂದ ಬಗೆಯನ್ನು ನೆನಪಿಸುವುದು ಉಚಿತ. ನಾಲ್ಕು ವರ್ಷದ ಹಿಂದೆ ಬೈಲಹೊಂಗಲದಿಂದ ಮೊದಲ ಸಲ ಬಂದ ನನ್ನ ತಾಯಿ ಮಹಾದೇವಿಯವರು, ಪ್ಲಾಸ್ಟಿಕ್ಕಿನಲ್ಲಿ ಉಸಿರುಗಟ್ಟಿ ಕೂತ ಸೂಪರ್‌ಮಾರ್ಕೆಟ್ ಹೂವನ್ನು ದೇವರಿಗೆ ಏರಿಸಲು ಮನಸ್ಸಾಗದೆ, ಗಾರ್ಡನ್ ಸೆಂಟರಿನಲ್ಲಿ ತಮ್ಮ ಕುಂಡಕ್ಕೆ ಅಂಟಿಸಿದ್ದ ಗುಲಾಬಿ ಬಣ್ಣದ ಚಿತ್ರ ನೋಡಿ ಮರುಳಾದರು. ನಮ್ಮದು ಒಂದೇ ಗೋಡೆಗೆ ಎರಡು ಮನೆ ಅಂಟಿಕೊಂಡಿರುವ ಸೆಮಿ. ನಮ್ಮ ಮುಂಬಾಗಿಲಿಗೂ ಪಕ್ಕದ ಗ್ಲೆನಿಸ್ ಅವರ ಮುಂಬಾಗಿಲಿಗೂ ನಡುವಿನ ಗೇಣು ಮಣ್ಣಿನಲ್ಲಿ ತಮ್ಮನ್ನು ಅವರೇ ಕೈಯಾರೆ ನೆಟ್ಟು, ಬಸವ ಜಯಂತಿಯ ದಿನ ನಮ್ಮ ಮನೆಯ ಬಸವಣ್ಣನ ಪಟಕ್ಕೆ ಈ ಬಳ್ಳಿಯ ಹೂವೇ ಏರಬೇಕೆಂದು ಹರಕೆ ಹೊತ್ತರು. ಪಂಚಾಂಗದಲ್ಲಿ ಯಾವತ್ತಿದ್ದರೂ ಇಲ್ಲಿಯ ಬಸವ ಜಯಂತಿ ಬರುವುದು ಮೇ ತಿಂಗಳಲ್ಲಿ, ಎಲ್ಲ ಡಾಕ್ಟರುಗಳ ಡ್ಯೂಟಿ ಪಟ್ಟಿ ಕೂಡಿಬಂದ ಶನಿವಾರ. ಮೇ ಎಂದರೆ ತಮ್ಮ ಕುಲದವರು ಮೈತುಂಬ ಅರಳುವ ತಿಂಗಳು. ಮುಹೂರ್ತ ಇದಕ್ಕಿಂತ ಚೆನ್ನಾಗಿ ಯಾರೂ ಇಟ್ಟುಕೊಡಲಾರರು.

ಆಮೇಲೆ ನಡೆದ ಉಪಚಾರಗಳನ್ನು ತಾವು ಮರೆತಿರಲಾರಿರಿ. ಬುಡಕ್ಕೆ ಬಿಸಿಲು ತಾಗಬಾರದೆಂದು ಹೆಂಡತಿ ಶೋಭಾಳ ಚಪಾತಿಕಲ್ಲನ್ನೇ ತಂದು ಹೊದಿಸಿದೆ. ಅವಳು ವಾರಗಟ್ಟಲೆ ಅನ್ನ ಮಾಡಿ ಹಾಕಿದಳೇ ಹೊರತು ಕಲ್ಲು ಕೇಳಲಿಲ್ಲ, ಕೇಳದಿದ್ದ ರೀತಿಯಲ್ಲೇ ಎಲ್ಲವನ್ನೂ ಹೇಳಿದಳು. ಟೊಮ್ಯಾಟೋ ಗೊಬ್ಬರ ಉಣಿಸಿದೆ, ಬಾಳೆಸಿಪ್ಪೆ ಹೂತೆ, ಹುಳಿ ಮಜ್ಜಿಗೆ ಕುಡಿಸಿದೆ. ಇನ್ನು ಯುಗಾದಿ. ಪ್ರತಿ ವರ್ಷ ಹಬ್ಬಕ್ಕೆ ವಾರವಿರುವಾಗ ತಾಯಿಯ ವಿಡಿಯೋ ಕಾಲ್ ಬರುತ್ತಿತ್ತು. ಮನೆ ತೊಳೆದಿರೇ, ಜೇಡರ ಬಲೆ ತೆಗೆದಿರೇ ಎಂದೆಲ್ಲ ವಿಚಾರಿಸಿ, ಕೊನೆಗೆ ಫೋನನ್ನು ಬಾಗಿಲ ಹೊರಗೆ ತಿರುಗಿಸಲು ಹೇಳಿ, ಮಾರ್ಚ್ ತಿಂಗಳ ತಮ್ಮ ಬೋಳು ಕಡ್ಡಿಗಳನ್ನು ಕಂಡು, ಹೊಸ ವರ್ಷದ ದಿನ ಹೊಸ್ತಿಲ ಮುಂದೆ ಒಣಕಟ್ಟಿಗೆ ಇರಬಾರದು, ಕತ್ತರಿಸಿಬಿಡು ಎಂದು ಅಪ್ಪಣೆ ಕೊಡುತ್ತಿದ್ದರು. ನಾನು ಆಪರೇಷನ್ ಥಿಯೇಟರಿನ ಶ್ರದ್ಧೆಯಿಂದ ನಮ್ಮ ಬಾಗಿಲ ಕಡೆಯ ಒಂದೊಂದು ಕಡ್ಡಿಯನ್ನೂ ಬುಡದವರೆಗೆ ಚೊಕ್ಕಟವಾಗಿ ಸವರುತ್ತಿದ್ದೆ. ಗ್ಲೆನಿಸ್ ಅವರ ಕಡೆಗೆ ವಾಲಿದ್ದ ಒಂದು ದಪ್ಪ ಕಾಂಡವನ್ನು ಮಾತ್ರ, ಪರರ ಗೋಡೆಗೆ ಕತ್ತರಿ ಹಾಕುವುದು ಸಭ್ಯತೆಯಲ್ಲವೆಂದು, ಮುಟ್ಟಲಿಲ್ಲ.

ಇಷ್ಟೊಂದು ಸೇವೆಗೆ ತಾವು ವರ್ಷ ವರ್ಷವೂ ಕೊಟ್ಟ ಪ್ರತಿಫಲ ಎಲೆ. ಒಳ್ಳೆಯ ಎಲೆ, ಹಸಿರೆಲೆ, ಎಳೆಯ ಎಲೆ. ತಮ್ಮ ಎಲೆಯ ಬಗ್ಗೆ ನನ್ನ ಯಾವ ತಕರಾರೂ ಇಲ್ಲ. ಆದರೆ ಬಸವ ಜಯಂತಿಯ ಸಂಜೆ ಬೈಲಹೊಂಗಲದಿಂದ ಹೂವು ಬಂತೇನೋ ಎಂಬ ಪ್ರಶ್ನೆ ಬಂದಾಗ ಮುಂದಿನ ವರ್ಷ ಬರುತ್ತದೆ ಎಂದು ಹೇಳಿ ಹೇಳಿ, ಆ ಮಾತನ್ನು ಆಸ್ಪತ್ರೆಯಲ್ಲೂ ಅಭ್ಯಾಸಬಲದಿಂದ ಬಳಸತೊಡಗಿದ್ದೇನೆ. ಮೊಣಕಾಲು ಆಪರೇಷನ್ನಿಗೆ ಕಾದಿರುವವರು ನನ್ನನ್ನು ಆಡಳಿತ ವರ್ಗದವನೆಂದು ತಿಳಿಯುತ್ತಾರೆ.

ಈ ವರ್ಷದ ಸಂಗತಿ ಬೇರೆ. ಏಪ್ರಿಲ್‌ನಲ್ಲಿ ತಾಯಿಯೇ ಬಂದರು. ವಿಮಾನ ಇಳಿದವರ ಮಂಡಿಗಳನ್ನು ನೋಡಿದರೆ ಇನ್ನೊಮ್ಮೆ ಇಷ್ಟು ದೂರ ಬರುವುದು ಆಗದ ಮಾತು ಎಂದು ನನಗೂ ಗೊತ್ತಾಯಿತು, ಅವರಿಗೂ ಗೊತ್ತಿತ್ತು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಶಾಲು ಹೊದ್ದು ಹೊರಗೆ ಬಂದು ತಮ್ಮ ಒಂದೊಂದೇ ಗೆಣ್ಣನ್ನು ಮುಟ್ಟಿ ನೋಡುತ್ತಿದ್ದರು. ಬರುವ ಬಂಧುಗಳಿಗೆಲ್ಲ ಈ ಸಲ ಪಟಕ್ಕೆ ಮನೆ ಹೂವೇ ಎಂದು ಹೇಳಿಯೂ ಆಗಿತ್ತು. ಒಂದೇ ಒಂದು ಮೊಗ್ಗು ಬಿಟ್ಟಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಮಾನ್ಯರೇ, ಇದನ್ನು ನಾನು ತಮಾಷೆಗೆ ಕೇಳುತ್ತಿಲ್ಲ.

ಶನಿವಾರ ಬೆಳಿಗ್ಗೆಯೂ ನಮ್ಮ ಕಡೆ ಎಲೆಯೇ ಇತ್ತು. ತಾಯಿ ಖಾಲಿ ಹೂಬುಟ್ಟಿ ಹಿಡಿದು ಮೆಟ್ಟಿಲಿಳಿದರು, ಬೀಳದಿರಲೆಂದು ಹಿಂದೆ ನಾನೂ ಇಳಿದೆ. ಆ ಹೊತ್ತಿಗೆ ಗ್ಲೆನಿಸ್ ಹಾಲಿನ ಬಾಟಲಿಗೆಂದು ಬಾಗಿಲು ತೆರೆದರು. ಕಳೆದೊಂದು ವಾರ ಹಿತ್ತಲಿನಿಂದಲೇ ಕಾರಿನಲ್ಲಿ ಓಡಾಡಿದ್ದ ನಾನು, ಹೋದ ವರ್ಷದವರೆಗೆ ಬರೀ ಎಲೆಯಿದ್ದ ಅವರ ಕಡೆ ಕತ್ತೆತ್ತಿ ನೋಡಿರಲೇ ಇಲ್ಲ, ತಾಯಿಯೂ ನಮ್ಮ ಕಡೆಯ ಗೆಣ್ಣು ಬಿಟ್ಟು ಕಣ್ಣೆತ್ತಿರಲಿಲ್ಲ. ನೋಡಿದರೆ ಅವರ ಪೋರ್ಚಿನ ಮೇಲೆ, ಕಿಟಕಿಯ ಸುತ್ತ, ಮಳೆನೀರಿನ ಪೈಪಿನುದ್ದಕ್ಕೂ ತಾವು ಎಲೆ ಕಾಣದಷ್ಟು ಅರಳಿ ನಿಂತಿದ್ದಿರಿ, ಅದೂ ವಾಸನೆ ಸಮೇತ.

ಈ ಬಳ್ಳಿಯನ್ನು ಹೇಗೆ ಸಾಕಿದಿರಿ ಎಂದು ನಾನು ಗ್ಲೆನಿಸ್ ಅವರನ್ನು ಆದಷ್ಟು ಸಹಜವಾದ ದನಿಯಲ್ಲಿ ಕೇಳಿದೆ. ಅವರು ನಾಚಿಕೊಂಡರು. ಸೊಂಟ ಹಿಡಿದಾಗಿನಿಂದ ಸ್ಟೂಲ್ ಹತ್ತಿಲ್ಲ, ಕತ್ತರಿ ಎಲ್ಲಿದೆಯೋ ಗೊತ್ತಿಲ್ಲ, ನಿಮ್ಮ ಕಡೆ ಅಷ್ಟು ಚೊಕ್ಕಟವಾಗಿರುವಾಗ ನನ್ನ ಕಡೆ ಹೀಗೆ ಪೊದೆಯಾಗಿದೆ, ಬೇಜಾರು ಮಾಡಿಕೊಳ್ಳಬೇಡಿ ಎಂದರು. ನಾನು ಅದನ್ನು ಕನ್ನಡಕ್ಕೆ ಇಳಿಸಿದೆ. ತಾಯಿ ನಮ್ಮ ಗೋಡೆ ನೋಡಿದರು, ಅವರ ಗೋಡೆ ನೋಡಿದರು.

"ಅಕಿ ಏನೂ ಮಾಡಲಿಲ್ಲ, ಹೂವ ಬಂತು. ನಾವು ಹಬ್ಬಾ ಮಾಡಿದ್ವಿ, ಹೂವ ಹೋತು," ಎಂದರು.

ಹೋದ ವರ್ಷದ ಕಡ್ಡಿಯಲ್ಲೇ ಈ ವರ್ಷದ ಮೊಗ್ಗು ಅಡಗಿಸಿಡುವುದು ತಮ್ಮ ಜಾತಿಯ ಪದ್ಧತಿ ಎಂದು ಆಮೇಲೆ ಮಗಳು ಅಪೂರ್ವ ಫೋನಿನಲ್ಲಿ ಹುಡುಕಿ, ಇಂಗ್ಲಿಷಿನಲ್ಲಿ, ಅಗತ್ಯಕ್ಕಿಂತ ಗಟ್ಟಿಯಾಗಿ ಓದಿದಳು. ಅಂದರೆ ಪ್ರತಿ ಯುಗಾದಿಗೂ ಬಸವ ಜಯಂತಿಯ ಹೂವನ್ನು ನಾನೇ ಸವರಿ ಕೌನ್ಸಿಲ್ಲಿನ ಹಸಿರು ಕಸದ ಬಿನ್ನಿಗೆ ಹಾಕಿದ್ದೇನೆ ಎಂದು ತಮ್ಮ ವಾದ. ವಾದ ಸರಿಯೇ ಇರಬಹುದು. ಆದರೆ ನಾಲ್ಕು ವರ್ಷ ಒಂದೇ ಗೋಡೆಯಲ್ಲಿದ್ದು ಒಂದು ಸೂಚನೆ ಕೊಡಬಾರದಿತ್ತೇ? ನಮ್ಮಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಯ ಸಹಿ ತೆಗೆದುಕೊಳ್ಳುತ್ತೇವೆ. ತಾವು ಸಹಿಯನ್ನೂ ಮಾಡಲಿಲ್ಲ, ಕೂಗಲೂ ಇಲ್ಲ.

ಗ್ಲೆನಿಸ್ ಬುಟ್ಟಿ ತುಂಬ ಹೂ ಕೊಯ್ದು ಕೊಟ್ಟರು. ಈಗ ಧರ್ಮಸೂಕ್ಷ್ಮ ಎದ್ದಿತು. ಬೇರೆಯವರ ಗಿಡದ ಹೂವಿನಿಂದ ಪೂಜೆ ಮಾಡಿದರೆ ಪುಣ್ಯ ಗಿಡದವರಿಗೆ ಎಂದು ನಮ್ಮ ಕಡೆ ಮಾತಿದೆ. ಬೇರು ನಮ್ಮದು, ಹೂವು ಅವರದು. ತಾಯಿ ಚರ್ಚೆಗೆ ಬಿಡಲಿಲ್ಲ. ಗ್ಲೆನಿಸ್ ಅವರ ಕೈ ಹಿಡಿದು ಒಳಗೆ ಕರೆದೊಯ್ದು, ಚಪ್ಪಲಿ ಬಿಡಿಸಿ, ಹೂವನ್ನು ಅವರ ಕೈಯಿಂದಲೇ ಪಟಕ್ಕೆ ಏರಿಸಿದರು. ಪುಣ್ಯದ ವಿಷಯ ನಾನು ವಿವರಿಸಿದಾಗ ಗ್ಲೆನಿಸ್ ಅವರು ಅದನ್ನು ಕೌನ್ಸಿಲ್ಲಿನ ಮನೆ ತೆರಿಗೆಯಲ್ಲಿ ವಜಾ ಹಾಕಿಕೊಳ್ಳಬಹುದೇ ಎಂದು ಕೇಳಿದರು. ತಾಯಿ ಹೂವು ಏರಿದ ಪಟವನ್ನು ನೋಡುತ್ತ ಕೂತಿದ್ದರು. ಅವರ ಮುಖದಲ್ಲಿದ್ದ ಸಂತೋಷ ನೋಡಿ, ಅದನ್ನು ನಾಲ್ಕು ವರ್ಷ ತಡಮಾಡಿದ ತಮ್ಮ ಮೇಲೆ ನನಗೆ ಸಿಟ್ಟು ಬಂತು.

ಆದಕಾರಣ ನನ್ನ ಕೋರಿಕೆಗಳು ಅಲ್ಪ. ತಾವು ಚಾಂದ್ರಮಾನ ಪಂಚಾಂಗವನ್ನು ಓದಿಕೊಂಡು, ಯುಗಾದಿಯ ವಾರ ಮಾತ್ರ ಹಸಿರಾಗಿರುವಂತೆ ನಟಿಸಬೇಕು. ಅದಾಗದಿದ್ದರೆ ಬಿನ್ನಿಗೆ ಹೋದ ಕಡ್ಡಿಗಳನ್ನು ವಾಪಸು ಕರೆಸಿಕೊಂಡು ನಾಲ್ಕು ವರ್ಷದ ಬಾಕಿ ಹೂವನ್ನು ಒಟ್ಟಿಗೆ ಬಿಡಬೇಕು. ವಿಮಾನ ಹತ್ತುವ ದಿನ ತಾಯಿ ತಮ್ಮ ಕಾಂಡದ ಮೇಲೆ ಕೈಯಿಟ್ಟು ನನಗೆ ಹೇಳಿದ್ದು ಇಷ್ಟು: "ಬರೋ ಯುಗಾದಿಗೆ ಇದನ್ನ ಇದ್ದಂಗ ಬಿಡು. ಏನರ ಕತ್ತರಿಸಬೇಕನಿಸಿದ್ರ ನಿನ್ನ ತಲಿಗೂದಲಾ ಕತ್ತರಿಸ್ಕೋ."

ಇಷ್ಟೆಲ್ಲ ಆದ ಮೇಲೂ, ಎಲೆಗಳನ್ನು ನೋಡುತ್ತ,

ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ
ಚಿದಾನಂದ
(ಎಡಗಡೆಯ ಬಾಗಿಲು)

ತಾ.ಕ.: ಕತ್ತರಿಯನ್ನು ಗ್ಲೆನಿಸ್ ಅವರಿಗೆ ಕೊಟ್ಟಿದ್ದೇನೆ, ಅವರು ಈಗಾಗಲೇ ಅದನ್ನು ಕಳೆದುಹಾಕಿದ್ದಾರೆ, ಹಾಗಾಗಿ ತಾವು ನಿಶ್ಚಿಂತೆಯಿಂದಿರಬಹುದು. ಆದರೆ ಬರುವ ಮೇ ತಿಂಗಳ ವಿಡಿಯೋ ಕಾಲ್‌ನಲ್ಲಿ ನಮ್ಮ ಬಾಗಿಲ ಕಡೆ ತಾಯಿಗೆ ಹೂವು ಕಾಣದೆ ಹೋದರೆ, ನಾನು ಒರಟು ಮಾತಾಡುವವನಲ್ಲ, ತಮ್ಮ ಆರೈಕೆಯನ್ನು ಮತ್ತೆ ನಾನೇ ವಹಿಸಿಕೊಳ್ಳುತ್ತೇನೆ.