ತಕರಾರು ಯಮನೂರಪ್ಪನ ಸಮಾಧಾನ ಪತ್ರ

ಯಮನೂರಪ್ಪ ಎಂಬ ವ್ಯಕ್ತಿ ಅಸ್ತಿತ್ವದಲ್ಲಿ ಇಲ್ಲ ಎಂದು ಈ ಮೂಲಕ ದೃಢೀಕರಿಸಲಾಗಿದೆ. ದೃಢೀಕರಿಸುತ್ತಿರುವವನು ನಾನು, ಸುಭಾಷ್, ಮಾನ್ವಿಯ ಕಾಲುವೆ ದಾಟು ಸೌಕರ್ಯ ಉಪಕಚೇರಿಯ ದ್ವಿತೀಯ ದರ್ಜೆ ಸಹಾಯಕ. ಅಸ್ತಿತ್ವದಲ್ಲಿ ಇಲ್ಲದ ಈ ಮನುಷ್ಯ ಒಂದೇ ವರ್ಷದಲ್ಲಿ ತಾಲ್ಲೂಕಿಗೆ ಏಳು ಕಿರುಸೇತುವೆ ತಂದುಕೊಟ್ಟಿದ್ದಾನೆ. ಅಸ್ತಿತ್ವದಲ್ಲಿರುವ ನಾನು ಹನ್ನೊಂದು ವರ್ಷದ ಸೇವೆಯಲ್ಲಿ ತಂದದ್ದು ಕಚೇರಿಗೆ ಒಂದು ಗೋಡೆ ಗಡಿಯಾರ. ಅದೂ ಈಗ ನಿಂತಿದೆ.

ನಮ್ಮ ಕಚೇರಿಯ ಕೆಲಸ ಬಹಳ ಸರಳ. ಕಾಲುವೆ ದಾಟಲು ಸೇತುವೆ ಬೇಕೆಂದು ಜನ ಅರ್ಜಿ ಕೊಡುತ್ತಾರೆ. ನಾವು ಅರ್ಜಿಯನ್ನು ಮುಕ್ತಾಯಗೊಳಿಸುತ್ತೇವೆ. ನಡುವೆ ಸೇತುವೆ ಕಟ್ಟಲೇಬೇಕೆಂಬ ನಿಯಮವೇನೂ ಇಲ್ಲ. ಅರ್ಜಿದಾರರನ್ನು ವಿಚಾರಣೆಗೆ ಕರೆಯುತ್ತಿದ್ದೆವು, ಅದೂ ಭತ್ತದ ಸಸಿ ಹಚ್ಚುವ ದಿನಗಳಲ್ಲೇ. ಕೂಲಿ ಬಿಟ್ಟು ಯಾರು ಬರುತ್ತಾರೆ? ‘ಅರ್ಜಿದಾರರು ಗೈರು’ ಎಂದು ಷರಾ ಬರೆದು ಫೈಲು ಕಟ್ಟಿಡುತ್ತಿದ್ದೆವು. ಷರಾ ಬರೆಯುವುದು ನನ್ನ ಪಾಲಿನ ಕೆಲಸ. ನನ್ನ ಅಕ್ಷರ ದುಂಡಗಿದೆ ಎಂದು ಮೂವರು ಸಾಹೇಬರು ಹೊಗಳಿದ್ದಾರೆ.

ಗದ್ದೆಮ್ಮನ ಫೈಲೂ ಹೀಗೇ ಮುಗಿದದ್ದು. ಅವಳ ಓಣಿಯವರು ಹೊಲಕ್ಕೆ ಹೋಗಲು, ಮಕ್ಕಳು ಶಾಲೆಗೆ ಹೋಗಲು ಕಾಲುವೆಯ ಮೇಲೆ ಒಂದು ಹಳೆಯ ಲೈಟಿನ ಕಂಬ ಅಡ್ಡ ಹಾಕಿಕೊಂಡಿದ್ದರು. ಅದರ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ದಾಟಬೇಕು. ಗದ್ದೆಮ್ಮ ಮತ್ತು ಅವಳ ತಂಗಿ ಬಾಲಮ್ಮ ಸೇರಿ ಸೇತುವೆಗೆ ಜಂಟಿ ಅರ್ಜಿ ಕೊಟ್ಟರು. ಅರ್ಜಿ ಕೊಟ್ಟ ಮುಂದಿನ ತಿಂಗಳು ಬಾಲಮ್ಮ ಸಸಿಯ ಬುಟ್ಟಿ ಹೊತ್ತು ದಾಟುವಾಗ ಕಾಲು ಜಾರಿತು. ಬುಟ್ಟಿ ಮರುದಿನ ಸಿಕ್ಕಿತು. ಬಾಲಮ್ಮ ಮೂರನೆಯ ದಿನ ಸಿಕ್ಕಳು.

ವಿಚಾರಣೆಯ ದಿನ ಗದ್ದೆಮ್ಮ ಒಬ್ಬಳೇ ಬಂದಳು. ಜಂಟಿ ಅರ್ಜಿಯಾದ್ದರಿಂದ ಇಬ್ಬರೂ ಹಾಜರಿರಬೇಕು. ನಾನು ನಿಯಮದಂತೆ ಬಾಗಿಲಿಗೆ ಹೋಗಿ, ‘ಬಾಲಮ್ಮ! ಬಾಲಮ್ಮ! ಬಾಲಮ್ಮ!’ ಎಂದು ಮೂರು ಸಲ ಕೂಗಿದೆ. ಒಳಗೆ ಬಂದು ‘ಸಹ ಅರ್ಜಿದಾರರಾದ ಬಾಲಮ್ಮ: ಗೈರು’ ಎಂದು ಬರೆದು, ಗಟ್ಟಿಯಾಗಿ ಓದಿಯೂ ಹೇಳಿದೆ. ಗದ್ದೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಹೋದಳು. ಆ ದಿನ ನನಗೆ ಊಟ ಸೇರಲಿಲ್ಲ. ಆದರೆ ಅಕ್ಷರ ಮಾತ್ರ ಎಂದಿನಂತೆ ದುಂಡಗೇ ಬಂದಿತ್ತು.

ಹೋದ ವರ್ಷ ರಾಯಚೂರಿನ ಮೇಲಿನ ಕಚೇರಿಯಿಂದ ‘ಅರ್ಜಿಮುಕ್ತ ತಾಲ್ಲೂಕು ಅಭಿಯಾನ’ದ ಸುತ್ತೋಲೆ ಬಂತು. “ಇನ್ನು ಮುಂದೆ ಗೈರು ಎಂಬ ಕಾರಣಕ್ಕೆ ಯಾವುದೇ ಅರ್ಜಿಯನ್ನು ಮುಕ್ತಾಯಗೊಳಿಸತಕ್ಕದ್ದಲ್ಲ. ಅರ್ಜಿದಾರರು ಖುದ್ದು ಸಹಿ ಮಾಡಿದ ಸಮಾಧಾನ ಪತ್ರ, ಸ್ಥಳದಲ್ಲಿ ತೆಗೆದ ಭಾವಚಿತ್ರ ಸಮೇತ ಕಡ್ಡಾಯ. ಸಮಾಧಾನಕ್ಕೆ ಕಾರಣ ನಮೂದಿಸುವ ಅಗತ್ಯವಿಲ್ಲ.”

ಕೊನೆಯ ವಾಕ್ಯ ಓದಿದ ಮೇಲೆ ಕಚೇರಿಗೆ ಜೀವ ಬಂತು. ಜೀಪು ತೆಗೆದುಕೊಂಡು ಊರೂರು ತಿರುಗಿದೆವು. ಮಿರ್ಚಿ ಭಜಿ, ಚಹಾ ಕೊಟ್ಟು, ‘ಅರ್ಜಿ ಮುಟ್ಟಿದ್ದಕ್ಕ ಒಂದು ಹೆಬ್ಬೆಟ್ಟು ಒತ್ರಿ’ ಎಂದು ಒತ್ತಿಸಿಕೊಂಡೆವು. ಇನ್ನೂರ ಹನ್ನೆರಡು ಜನ ಮೂರು ವಾರದಲ್ಲಿ ಸಮಾಧಾನ ಹೊಂದಿದರು. ಹೊಸದಾಗಿ ಅರ್ಜಿ ಕೊಟ್ಟಿದ್ದ ಗದ್ದೆಮ್ಮನೂ ಅವರಲ್ಲಿ ಒಬ್ಬಳು. ಅವಳು ಮಿರ್ಚಿ ಮುಟ್ಟಲಿಲ್ಲ.

ಜನ ಮತ್ತೆ ಅರ್ಜಿ ಕೊಡದಂತೆ ತಿಳಿವಳಿಕೆ ಮೂಡಿಸಲು ಬೀದಿನಾಟಕ ಆಡಿಸಬೇಕೆಂದು ಇನ್ನೊಂದು ಸುತ್ತೋಲೆ ಬಂತು. ನಾನು ಸಾಹಿತಿ ಎಂಬ ಗುಮಾನಿ ಕಚೇರಿಯಲ್ಲಿ ಮೊದಲಿನಿಂದ ಇತ್ತು. ರಾಜ್ಯೋತ್ಸವದಲ್ಲಿ ಒಮ್ಮೆ ಕವನ ಓದಿದ್ದೆ, ನಡುವೆ ಮೈಕು ಕೆಟ್ಟಾಗ ಜೋರು ಚಪ್ಪಾಳೆ ಬಿದ್ದಿತ್ತು. ಹಾಗಾಗಿ ನಾಟಕ ನನ್ನ ಕೊರಳಿಗೆ ಬಿತ್ತು. ‘ತಕರಾರು ಯಮನೂರಪ್ಪ’ ಎಂಬ ಖಳನಾಯಕನನ್ನು ಸೃಷ್ಟಿಸಿದೆ. ದಪ್ಪ ಮೀಸೆ, ಕೆಂಪು ಟವೆಲ್ಲು, ಕೈಯಲ್ಲಿ ಯಾವಾಗಲೂ ಒಂದು ಅರ್ಜಿ. ಕೊನೆಗೆ ಊರ ಹೆಣ್ಣುಮಕ್ಕಳು ಕಸಬರಿಗೆಯಿಂದ ಬಡಿದಾಗ ಬುದ್ಧಿ ಬಂದು ಸಮಾಧಾನ ಪತ್ರಕ್ಕೆ ಸಹಿ ಹಾಕುತ್ತಾನೆ. ಆ ಪಾತ್ರಕ್ಕೆ ಆಟೋ ಓಡಿಸುವ ಶಕೀಲ್‌ನನ್ನು ಹಿಡಿದೆ. ಒಳ್ಳೆಯ ಸಾಹೇಬರ ಪಾತ್ರವನ್ನು ನಾನೇ ಇಟ್ಟುಕೊಂಡೆ.

ಮೊದಲ ಪ್ರದರ್ಶನ ನಮ್ಮ ತಾಲ್ಲೂಕಿನವರೂ ಹೋಗುವ ದೇವದುರ್ಗದ ಸಂತೆಯಲ್ಲಿ. ಶಕೀಲ್ ಮೀಸೆ ತಿರುವಿ, “ಬ್ರಿಜ್ ಎಲ್ಲದರೀ ಸಾಹೇಬ್ರ? ಕಾಲುವಿ ದಾಟೋ ಮಂದಿ ಏನು ಮೀನೇನ್ರಿ?” ಎಂದು ಗುಡುಗಿದ. ಬೈಯಬೇಕಾಗಿದ್ದ ಜನ ಸಿಳ್ಳೆ ಹಾಕಿದರು. “ಖರೇ ಹೇಳ್ತಾನ ನೋಡ್ಲೇ!” ಎಂದು ಒಬ್ಬ ಕೂಗಿದ. ಕಸಬರಿಗೆಯ ಸಮಯ ಬಂದಾಗ ತರಕಾರಿ ಮಾರುವ ಹೆಣ್ಣುಮಗಳೊಬ್ಬಳು ಎದ್ದುಬಂದು ಕಸಬರಿಗೆ ಕಿತ್ತುಕೊಂಡಳು, ಆದರೆ ಬಡಿದದ್ದು ಸಾಹೇಬರಿಗೆ. ಸಾಹೇಬರ ಪಾತ್ರ ನನ್ನದಾಗಿತ್ತು ಎಂಬುದನ್ನು ಆಗಲೇ ಹೇಳಿದ್ದೇನೆ. ಯಮನೂರಪ್ಪನೇ ನಾಯಕ ಎಂಬುದು ಅವನನ್ನು ಬರೆದ ನನ್ನೊಬ್ಬನನ್ನು ಬಿಟ್ಟು ಇಡೀ ಸಂತೆಗೆ ಗೊತ್ತಾಗಿತ್ತು.

ಮರುದಿನ ಮಾನ್ವಿಯಲ್ಲಿ ನಮ್ಮ ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವ ಖತೀಜಾ ಬೀಯ ಮೇಜಿನ ಮುಂದೆ ಗದ್ದೆಮ್ಮ ಕೂತಿದ್ದಳು. ನನ್ನನ್ನು ಕಂಡು ಕರೆದಳು.

“ಸುಭಾಸಪ್ಪ, ಆ ಯಮನೂರಪ್ಪ ಎಲ್ಲಿರ್ತಾನ? ಅವನ ಕಡಿಂದ ಒಂದು ಅರ್ಜಿ ಹಾಕಿಸಬೇಕಾಗಿತ್ತು.”

“ಯವ್ವಾ, ಅಂಥಾವ ಯಾರೂ ಇಲ್ಲಬೇ. ಅಂವ ನಾಟಕದಾಗಿನವ. ನಾನು ಬರ್ದಿದ್ದು.”

“ಇದ್ದಾಕಿ ನಾನು ಬಂದಿದ್ನಲ್ಲಪ್ಪ, ಏನು ಮಾಡಿದ್ರಿ? ಇಲ್ಲದಾವ ಒಮ್ಮೆ ಬಂದು ನೋಡ್ಲಿ ಬಿಡು. ಇನ್ನ ಇಪ್ಪತ್ತು ದಿನಕ್ಕ ಕಾಲುವಿಗಿ ನೀರು ಬಿಡ್ತಾರ. ಮೊಮ್ಮಗಳು ಮಲ್ಲೇಶ್ವರಿ ಸಾಲಿಗಿ ಅದ ಕಂಬದ ಮ್ಯಾಲೆ ಹೋಗ್ತದ. ನನಗ ನಿದ್ದಿ ಬರವಲ್ದು.”

ಖತೀಜಾ ಬೀ ಪೆನ್ನು ಎತ್ತಿ, “ವಿಳಾಸ ಏನು ಹಾಕ್ಲಿ ಗದ್ದೆಮ್ಮಾ?” ಎಂದು ಕೇಳಿದಳು.

“ದೇವದುರ್ಗದ ಸಂತಿ ಅಂತ ಹಾಕವ್ವ. ಅಲ್ಲೇ ಕಂಡಾನ.”

ಇಂಥ ಅರ್ಜಿ ನಡೆಯುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ ನಾನು ಒಳಗೆ ಹೋದೆ. ಸಂಜೆ ಟಪಾಲಿನ ಕಟ್ಟಿನಲ್ಲಿ ಅದೂ ಬಂತು. ಓದದೆ ಸ್ವೀಕೃತಿಯ ಮುದ್ರೆ ಒತ್ತುವುದರಲ್ಲಿ ನನಗೆ ಹನ್ನೊಂದು ವರ್ಷದ ಅನುಭವವಿದೆ. ಒತ್ತಿದೆ.

ಇಡೀ ತಾಲ್ಲೂಕಿನಲ್ಲಿ ಬಾಕಿ ಉಳಿದ ಅರ್ಜಿ ಅದೊಂದೇ. ಇಪ್ಪತ್ತು ದಿನಕ್ಕೆ ಮಾನ್ವಿಯನ್ನು ಅರ್ಜಿಮುಕ್ತವೆಂದು ಘೋಷಿಸುವ ಸಮಾರಂಭ. ನಮ್ಮ ಕಚೇರಿಯ ಸಾಹೇಬರು ಜೀಪಿನಲ್ಲಿ ಮಿರ್ಚಿ ಕಟ್ಟಿಸಿಕೊಂಡು ಯಮನೂರಪ್ಪನನ್ನು ಹುಡುಕಲು ಹೊರಟರು. ದೇವದುರ್ಗದಲ್ಲಿ, “ಈಗ ಎದ್ದು ಹೋದ್ರು ನೋಡ್ರಿ, ಶಕ್ತಿನಗರಕ್ಕ” ಎಂದರು. ಶಕ್ತಿನಗರದಲ್ಲಿ, “ಗುಂಜಹಳ್ಳಿಗಿ ಹೋಗ್ಯಾರ” ಎಂದರು. ಗುಂಜಹಳ್ಳಿಯಲ್ಲಿ, “ನಿಮ್ಮನ್ನ ಹುಡುಕ್ಕೊಂಡು ಮಾನ್ವಿಗಿ ಹೋದ್ರಲ್ರೀ!” ಎಂದರು. ಸಾಹೇಬರು ಬೆವರು ಒರೆಸಿಕೊಂಡು, ಮಿರ್ಚಿಯನ್ನೆಲ್ಲ ತಾವೇ ತಿಂದು ವಾಪಸು ಬಂದರು.

“ಭಾರೀ ದೊಡ್ಡ ಮನಷಾ ಇರಬೇಕು, ಸುಭಾಷ್. ಮನಿ ವಿಳಾಸ ಸೈತ ಕೊಡಂಗಿಲ್ಲ ಅಂದ್ರ ಎಷ್ಟು ಮ್ಯಾಲಿನ ತನಕ ಕೈ ಅದ ನೋಡ್ರಿ.”

ನನಗೆ ತಡೆಯಲಾಗಲಿಲ್ಲ. “ಸರ್, ತಪ್ಪಾಯ್ತು. ಅಂವ ನನ್ನ ನಾಟಕದ ಪಾತ್ರ ರೀ. ಅಂಥಾವ ಇಲ್ಲ.”

ಸಾಹೇಬರು ಅರ್ಜಿಯ ನಮೂನೆಯನ್ನು ನನ್ನ ಮುಂದೆ ಹಿಡಿದರು. “ಪುರುಷ, ಮಹಿಳೆ, ಇತರೆ ಅಂತ ಕಾಲಂ ಅದ. ನಾಟಕದ ಪಾತ್ರ ಅಂತ ಎಲ್ಲದ ತೋರ್ಸ್ರಿ? ಮುದ್ರಿ ಒತ್ತೀರಿ ಅಂದ್ರ ಅಂವ ಇದ್ದಾನ.”

ಇರುವವರಾಗಿದ್ದರೆ ಚಹಾ ಕುಡಿಸಬಹುದಿತ್ತು, ಹೆದರಿಸಬಹುದಿತ್ತು, ಹತ್ತು ಸಲ ಅಲೆದಾಡಿಸಬಹುದಿತ್ತು. ಇಲ್ಲದವನಿಗೆ ಇದ್ಯಾವುದನ್ನೂ ಮಾಡಲು ಬರುವುದಿಲ್ಲ. ಎಲ್ಲ ದಾರಿ ಮುಚ್ಚಿದ್ದರಿಂದ, ಕಚೇರಿಯ ಇತಿಹಾಸದಲ್ಲಿ ಮೊದಲ ಬಾರಿಗೆ, ಕೇಳಿದ ಕೆಲಸವನ್ನೇ ಮಾಡಿಬಿಡುವುದು ಎಂಬ ಕಠಿಣ ನಿರ್ಧಾರಕ್ಕೆ ಬರಲಾಯಿತು. ಹದಿನೆಂಟು ದಿನದಲ್ಲಿ ಗದ್ದೆಮ್ಮನ ಓಣಿಯ ಕಂಬದ ಜಾಗದಲ್ಲಿ ಸೇತುವೆ ನಿಂತಿತು. ಎರಡೂ ಬದಿಗೆ ಕಬ್ಬಿಣದ ಕೈಹಿಡಿ ಬೇರೆ. ಅಷ್ಟು ಚೆಂದದ ಕೆಲಸ ನಮಗೆ ಬರುತ್ತದೆ ಎಂಬುದು ನಮಗೇ ಗೊತ್ತಿರಲಿಲ್ಲ.

ಇನ್ನು ಸಹಿ ಮತ್ತು ಭಾವಚಿತ್ರ ಬಾಕಿ. ಶಕೀಲ್‌ಗೆ ಮೀಸೆ ಅಂಟಿಸಿ ಸೇತುವೆಯ ಮೇಲೆ ನಿಲ್ಲಿಸಿದೆವು. ಓಣಿಯವರೆಲ್ಲ ಸೇರಿದ್ದರು. ಸಾಹೇಬರು ಕೈಮುಗಿದು, “ಯಮನೂರಪ್ಪನವರ, ದರ್ಶನ ಆತು ನೋಡ್ರಿ ಕಡಿಗೂ” ಎಂದರು. ದಿನವೂ ಅದೇ ಶಕೀಲ್‌ನ ಆಟೋದಲ್ಲಿ ಕಚೇರಿಗೆ ಬರುವ ಮನುಷ್ಯ ಅವರು.

ಶಕೀಲ್ ಪೆನ್ನು ತೆಗೆದುಕೊಂಡು ಗದ್ದೆಮ್ಮನ ಕಡೆ ತಿರುಗಿದ. “ಯವ್ವಾ, ಸಮಾಧಾನ ಆತೇನು?”

ಗದ್ದೆಮ್ಮ ಕೈಹಿಡಿಯನ್ನು ಒಮ್ಮೆ ಅಲುಗಾಡಿಸಿ ನೋಡಿದಳು. “ಬ್ರಿಜ್ ಗಟ್ಟಿ ಅದಪ್ಪ. ಆದ್ರ ಆ ಹಳೀ ಅರ್ಜಿ ಕಾಗದದಾಗ ನಮ್ಮ ಬಾಲಿ ಗೈರು ಅಂತ ಬರ್ದಾರ. ಆಕಿ ಜ್ವರ ಬಂದ್ರೂ ಒಂದು ದಿನ ಕೆಲಸ ತಪ್ಪಿಸಿದಾಕಿ ಅಲ್ಲ. ಗೈರು ಅಂದ್ರ ನನಗ ಹೊಟ್ಟಿ ಉರಿತದ.”

ಶಕೀಲ್ ಪೆನ್ನಿನ ಮುಚ್ಚಳ ಹಾಕಿದ. “ಸಮಾಧಾನ ಆಗಿಲ್ರಿ ಸಾಹೇಬ್ರ.”

ಇದು ನಾನು ಬರೆದ ಮಾತಲ್ಲ. ನಾನು ಬರೆದದ್ದರಲ್ಲಿ ಇಷ್ಟು ಒಳ್ಳೆಯ ಮಾತು ಎಲ್ಲೂ ಇಲ್ಲ.

ಸಾಹೇಬರು ಗಡಿಯಾರ ನೋಡಿಕೊಂಡರು. ಮರುದಿನವೇ ಸಮಾರಂಭ. ಹಳೆಯ ಫೈಲು ತರಿಸಿದರು. ಷರಾ ತಿದ್ದಬೇಕಾದರೆ ಸಂಬಂಧಪಟ್ಟವರು ಖುದ್ದು ಹಾಜರಿರಬೇಕು ಎಂಬ ನಿಯಮವನ್ನು ನಾನೇ ನೆನಪಿಸಿದೆ. ನನ್ನ ಬುದ್ಧಿ ಅಂಥದ್ದು. ಸಾಹೇಬರು ಯೋಚಿಸಿ ಬಾಗಿಲ ಜಾಗದಲ್ಲಿ, ಅಂದರೆ ಸೇತುವೆಯ ತುದಿಗೆ, ನನ್ನನ್ನು ನಿಲ್ಲಿಸಿದರು. “ಕರೀರಿ.”

“ಬಾಲಮ್ಮ!” ಎಂದೆ. ಎರಡನೆಯ ಸಲ ಕೂಗುವ ಮೊದಲೇ ಆ ದಂಡೆಯಿಂದ ಮಲ್ಲೇಶ್ವರಿ ಪಾಟಿಚೀಲ ಹಾಕಿಕೊಂಡು ಸೇತುವೆಯ ಮೇಲೆ ಓಡಿ ಬಂದು, “ಯಾಕ್ರಿ? ನಮ್ಮ ಸಣ್ಣಜ್ಜಿನ್ನ ಕರಿಯಾಕತ್ತೀರೇನು?” ಎಂದು ಕೇಳಿದಳು.

“ಕರೆದಾಗ ಬಂದಾರ,” ಎಂದರು ಸಾಹೇಬರು. “ಬರ್ಕೊಳ್ರಿ.”

‘ಗೈರು’ ಹೊಡೆದುಹಾಕಿ ‘ಹಾಜರು’ ಎಂದು ಬರೆದೆ. ಜೀವನದಲ್ಲಿ ಮೊದಲ ಸಲ ನನ್ನ ಅಕ್ಷರ ಸೊಟ್ಟಗೆ ಬಂತು. ಸಾಹೇಬರು ಮೇಲುಸಹಿ ಹಾಕಿದರು. ಯಮನೂರಪ್ಪನೂ ಸಹಿ ಹಾಕಿದ. ಎರಡು ದಿನದ ಮೇಲೆ ಕಾಲುವೆಗೆ ನೀರು ಬಂತು.

ಸಹಿ ಬಿದ್ದ ಮರುದಿನ ಬೆಳಿಗ್ಗೆಯೇ ತಾಲ್ಲೂಕನ್ನು ಅರ್ಜಿಮುಕ್ತವೆಂದು ಘೋಷಿಸಲಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಖತೀಜಾ ಬೀಯ ಮೇಜಿನಿಂದ ಯಮನೂರಪ್ಪನ ಹೆಸರಿನಲ್ಲಿ ಇನ್ನೂ ಆರು ಅರ್ಜಿ ಬಂದವು. ಈಗ ನಮ್ಮ ಬಾಗಿಲಿಗೆ ಫಲಕ ಹಾಕಿದ್ದೇವೆ: ‘ಅಸ್ತಿತ್ವದಲ್ಲಿರುವವರ ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ.’ ಇದಕ್ಕೆ ಯಾರದೂ ತಕರಾರಿಲ್ಲ.

ಇನ್ನೊಂದು ಸಣ್ಣ ವಿಷಯ. ಒಮ್ಮೆ ಹಾಜರು ಎಂದು ನಮೂದಾದವರು ಹೊರಟರೆಂದು ನಮೂದಾಗುವ ತನಕ ಹಾಜರೇ ಎಂದು ರಾಯಚೂರಿನಿಂದ ಸ್ಪಷ್ಟೀಕರಣ ಬಂದಿದೆ. ಹೊರಟರೆಂದು ಬರೆಯಿರಿ ಎಂದು ಗದ್ದೆಮ್ಮ ಇವತ್ತಿನವರೆಗೆ ಅರ್ಜಿ ಕೊಟ್ಟಿಲ್ಲ. ಆದ್ದರಿಂದ ದಿನಾ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ, ಅಂದು ಸಹಿಗೆ ಖುದ್ದು ಹಾಜರಿದ್ದ ಯಮನೂರಪ್ಪನ ಕೆಳಗೆ ಬಾಲಮ್ಮನ ಹೆಸರು ಬರೆದು, ಹಾಜರು ಎಂದು ಗುರುತು ಹಾಕುತ್ತೇನೆ. ಮೂರನೆಯ ಹೆಸರು ನನ್ನದು. ತಡವಾಗಿ ಬಂದದ್ದಕ್ಕೆ ಹೋದ ವಾರ ನನಗೆ ನೋಟಿಸು ಬಂದಿದೆ. ಅವರಿಬ್ಬರನ್ನು ನೋಡಿ ಕಲಿಯಬೇಕೆಂದು ಸಾಹೇಬರು ಅದರಲ್ಲಿ ಬರೆದಿದ್ದಾರೆ.