ಖರೇ ತೊಟ್ಟಿಲು, ಖರೇ ಕೂಸು

ಸುಳ್ಳಿನ ವಸ್ತು ಒಂದೂ ಇಲ್ಲದ ನಾಟಕವನ್ನು ಹುಬ್ಬಳ್ಳಿಗೆ ತೋರಿಸಿಯೇ ತೀರುತ್ತೇನೆಂದು ನಾನು ನಿಶ್ಚಯಿಸಿದ ದಿನ ಮನೆಯಲ್ಲಿ ಯಾರೂ ನನ್ನನ್ನು ತಡೆಯಲಿಲ್ಲ. ತಡೆಯುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಉಳಿದಿಲ್ಲ. ಅದಕ್ಕೆ ನಾನೇ ಕಾರಣಳೆಂದು ನಮ್ಮ ಯಜಮಾನರು ಹೇಳುತ್ತಾರೆ. ಆದರೆ ಅದನ್ನು ಅವರು ಹಿತ್ತಲಿನಲ್ಲಿ ನಿಂತು ಹೇಳುತ್ತಾರೆ.

ಕಂಪನಿ ನಾಟಕಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಅಲ್ಲಿ ರಾಣಿಯು ಎತ್ತಿ ಮುದ್ದಾಡುವ ಕೂಸೆಂದರೆ ಬಟ್ಟೆ ಸುತ್ತಿದ ದಿಂಬು. ಒಮ್ಮೆ ಆ ದಿಂಬಿನ ಹೊಲಿಗೆ ಬಿಚ್ಚಿ, ಯುವರಾಜನು ಹತ್ತಿಯಾಗಿ ಮುಂದಿನ ಸಾಲಿನವರ ತಲೆಯ ಮೇಲೆ ಇಳಿದದ್ದನ್ನು ಕಣ್ಣಾರೆ ಕಂಡವಳು ನಾನು. ಆದ್ದರಿಂದ ನಮ್ಮ ಓಣಿಯ ಸ್ತ್ರೀಯರ ಮಂಡಳಿಯು ಹೆಂಗಸರಿಗೂ ಮಕ್ಕಳಿಗೂ ಒಂದು ಸಂಗೀತ ನಾಟಕವನ್ನು ಆಡಿ ತೋರಿಸಬೇಕೆಂದು ಹೊರಟಾಗ, ಬರೆಯುವ ಭಾರವನ್ನೂ ಆಡಿಸುವ ಭಾರವನ್ನೂ ನಾನೇ ಹೊತ್ತೆ. ಮಂಡಳಿಯಲ್ಲಿ ಬರೆಯಬಲ್ಲವಳು ನಾನೊಬ್ಬಳೇ ಎಂಬುದು ಗರ್ವದ ಮಾತಲ್ಲ, ವಸ್ತುಸ್ಥಿತಿ. ಮೂವತ್ತೊಂದನೆಯ ವಯಸ್ಸಿನಲ್ಲಿ ಸಂಜೆಯ ವರ್ಗಕ್ಕೆ ಸೇರಿ, ಕಂದೀಲಿನ ಹೊಗೆ ಕುಡಿದು, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು ನಾನು.

ಕಥೆ ಅಜ್ಜಿಯರು ಹೇಳುವಂಥದು. ಒಬ್ಬ ರಾಜ ಮಗಳ ತೊಟ್ಟಿಲ ಕಾರ್ಯಕ್ಕೆ ಊರನ್ನೆಲ್ಲ ಕರೆಯುತ್ತಾನೆ. ರಾಕ್ಷಸರ ಮನೆಗೆ ಕೊಟ್ಟ ತನ್ನ ಅಕ್ಕನನ್ನು ಮಾತ್ರ ಮರೆಯುತ್ತಾನೆ. ಅವಳು ಕರೆಯದೆ ಬಂದು, ಕೂಸಿನ ಕಿವಿಯಲ್ಲಿ "ಕುಂಬಳಾಬಾಯಿ" ಎಂದು ಹೆಸರಿಟ್ಟು ಹೋಗುತ್ತಾಳೆ. ಎರಡನೆಯ ಅಂಕದ ಹೊತ್ತಿಗೆ ರಾಜಕುಮಾರಿ ಕುಂಬಳಕಾಯಿ. ಮೂರನೆಯ ಅಂಕದಲ್ಲಿ ತೋಟದ ಮಾಲಿಯ ಮಗ ಒಂಬತ್ತು ಹಾಡು ಹಾಡಿ ಅವಳನ್ನು ಬಳ್ಳಿಯಿಂದ ಬಿಡಿಸುತ್ತಾನೆ. ಹತ್ತನೆಯ ಹಾಡನ್ನು ಹಾರ್ಮೋನಿಯಂ ಬಾರಿಸುವ ಚನ್ನಯ್ಯ ಮಾಸ್ತರರು ತಮ್ಮ ಬೆರಳುಗಳ ಮೇಲೆ ಕರುಣೆಯಿಟ್ಟು ಬಿಡಿಸಿದರು.

ಇಲ್ಲಿ ನಮ್ಮ ಮನೆತನದ ಒಂದು ಸಂಗತಿಯನ್ನು ಹೇಳಬೇಕು. ನನ್ನ ತಮ್ಮ ಏಕನಾಥನಿಗೆ ಹೆಣ್ಣು ಮಗು ಹುಟ್ಟಿ ಮೂರು ತಿಂಗಳಾಗಿತ್ತು. ಹನ್ನೆರಡನೆಯ ದಿನ ಆಗಬೇಕಾದ ನಾಮಕರಣ ಇನ್ನೂ ಆಗಿರಲಿಲ್ಲ. ತಮ್ಮನ ಹೆಂಡತಿ ಇಂದುವಿನ ತಾಯಿ ಗೋದಾಬಾಯಿಯವರು, ತೀರಿಕೊಂಡ ತಮ್ಮ ತಾಯಿಯ ನೆನಪಿಗೆ ತುಂಗಾಬಾಯಿ ಎಂದಿಡಬೇಕೆಂದು ಹಟ ಹಿಡಿದಿದ್ದರು. ನಾನು ವಿದ್ಯಾವತಿ ಎಂದಿದ್ದೆ. ನಮ್ಮ ವಂಶದ ಹೆಣ್ಣುಮಕ್ಕಳಲ್ಲಿ ಹಗಲು ಹೊತ್ತಿನಲ್ಲಿ, ಸೂರ್ಯನ ಬೆಳಕಿನಲ್ಲಿ, ಎಲ್ಲರೂ ನೋಡುವಂತೆ ಪಾಟಿ ಹಿಡಿದು ಶಾಲೆಗೆ ಹೋಗುವ ಮೊದಲನೆಯವಳು ಇವಳಾಗಬೇಕು; ಆ ಶಾಲೆಯ ಹಾಜರಿ ಪಟದಲ್ಲಿ ಅದಕ್ಕೆ ತಕ್ಕ ಹೆಸರಿರಬೇಕು. ಇದಕ್ಕಿಂತ ಹೆಚ್ಚಿನದನ್ನು ನಾನು ದೇವರಲ್ಲಿಯೂ ಬೇಡಿದವಳಲ್ಲ.

ಅಧಿಕಾರವೂ ನನ್ನದೇ. ನಮ್ಮ ಕಡೆ ತಂದೆಯ ಅಕ್ಕತಂಗಿಯೇ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರನ್ನು ಹೇಳುತ್ತಾಳೆ. ಹೇಳಿದೊಡನೆ ನೆರೆದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದು ಬಿತ್ತೆಂದರೆ ಹೆಸರು ಕಾಯಂ; ಮೇಲೆ ಅಪೀಲಿಲ್ಲ. ಏಕನಾಥನಿಗೆ ನಾನೊಬ್ಬಳೇ ಅಕ್ಕ. ಮುಂದಿನ ಗುರುವಾರ ಮುಹೂರ್ತ ನಿಂತಿತ್ತು. ನಾಟಕ ಮಾತ್ರ ಅದಕ್ಕಿಂತ ಐದು ದಿನ ಮೊದಲು, ಶನಿವಾರ ಮಧ್ಯಾಹ್ನ, ಕಮರಿಪೇಟೆಯಲ್ಲಿ ಖಾಲಿ ಬಿದ್ದಿದ್ದ ಒಂದು ಹತ್ತಿ ವಖಾರಿಯಲ್ಲಿ.

ಖರೇ ತೊಟ್ಟಿಲನ್ನು ನಮ್ಮ ಅಟ್ಟದಿಂದ ಇಳಿಸಿದೆ. ಹಂಚಲು ಖರೇ ಕಡಲೆಯ ಗುಗ್ಗರಿ ಮಾಡಿಸಿದೆ. ಉಳಿದದ್ದು ಕೂಸು. ಅದಕ್ಕಾಗಿ ಕೇಶ್ವಾಪುರಕ್ಕೆ, ಇಂದುವಿನ ತವರುಮನೆಗೆ, ನಾನೇ ಹೋದೆ.

"ಹತ್ತು ಮಿನಿಟಿನ ಕೆಲಸ. ತೊಟ್ಟಿಲದಾಗ ಮಲಗಿರತದ, ಅಷ್ಟಽ," ಎಂದೆ.

ಗೋದಾಬಾಯಿಯವರು ಬತ್ತಿ ಹೊಸೆಯುತ್ತಲೇ ವಿಚಾರ ಮಾಡಿದರು.

"ಕೂಸಿಗೆ ಬಣ್ಣ ಹಚ್ಚಬಾರದು. ಮುಗಿದ ಕೂಡಲೆ ದೃಷ್ಟಿ ತಗೀಬೇಕು. ನಾ ಮುಂದಿನ ಸಾಲಿನ್ಯಾಗ ಕೂಡ್ತೀನಿ."

"ಕೂಡ್ರಿ. ಆದರ ಆಟದ ನಡುವ ಎದ್ದು ಬರಬ್ಯಾಡ್ರಿ."

"ನಾ ಯಾಕ ಏಳ್ಲಿರಿ ಅಕ್ಕಾವರ? ನಾ ಏನು ನಾಟಕ ನೋಡಿಲ್ಲೇನು?"

ಹೀಗೆ ಎಲ್ಲವೂ ಖರೇ ಆಯಿತು. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ, ವಖಾರಿಯಲ್ಲಿ ನಾನೂರು ಹೆಂಗಸರೂ ಅವರ ಎರಡರಷ್ಟು ಮಕ್ಕಳೂ ತುಂಬಿದಾಗ, ರಾಕ್ಷಸಿಯ ಪಾತ್ರದ ರಜನಿ ತೊಟ್ಟಿಲಿನೊಳಗೆ ಇಣುಕಿದಳು. ಕೂಸು ಅವಳನ್ನು ನೋಡಿ ನಕ್ಕಿತು. ರಜನಿ ನನ್ನ ಹತ್ತಿರ ಬಂದು, ಬಾಯಿಂದ ಬೆಂಡಿನ ಕೋರೆಹಲ್ಲುಗಳನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ನಾ ಒಲ್ಲೆರಿ ಅಕ್ಕಾವರ."

"ಏನ ಒಲ್ಲಿ?"

"ದಿಂಬಿಗೆ ಹೇಳೂದಾದರ ಹೇಳ್ತಿದ್ದೆ. ಖರೇ ಕೂಸಿನ ಕಿವ್ಯಾಗ ಅಂಥಾ ಹೆಸರು ನನ್ನ ಬಾಯಿಂದ ಬರಂಗಿಲ್ಲ."

"ರಜನಿ, ಇದು ನಾಟಕ."

"ನಿಮಗ ನಾಟಕ ಅದ. ಕೂಸಿಗೇನು ಗೊತ್ತು?"

"ಕುಂಬಳಾಬಾಯಿ" ಎಂದು ಹೆಸರಿಡುವ ಆ ಪಾತ್ರವನ್ನು ಬೇರೆ ಯಾರೂ ಒಪ್ಪಿಕೊಳ್ಳಲಿಲ್ಲ. ರಾಣಿಯ ಸಖಿಯರೆಲ್ಲ ಒಮ್ಮೆಲೇ ನೆಲವನ್ನು ನೋಡತೊಡಗಿದರು. ಸಂಭಾಷಣೆ ನನಗೆ ಬಾಯಿಪಾಠವಿತ್ತು, ಬರೆದವಳೇ ನಾನು. ಹಸಿರು ಬಣ್ಣ ಬಳಿದುಕೊಂಡೆ, ಕೊಂಬು ಕಟ್ಟಿಕೊಂಡೆ, ಕೋರೆಹಲ್ಲು ಸಿಕ್ಕಿಸಿಕೊಂಡೆ. ಹೆಂಗಸರನ್ನು ಬಂಡಿಯಲ್ಲಿ ತಂದು ಇಳಿಸಿ, ವಖಾರಿಯ ಹಿಂಬಾಗಿಲಲ್ಲಿ ಕಾಯುತ್ತಿದ್ದ ಯಜಮಾನರು ನನ್ನನ್ನು ಬಹಳ ಹೊತ್ತು ನೋಡಿದರು.

"ಹಲ್ಲು ಬ್ಯಾರೆ ಹಚ್ಚೂದು ಬೇಕಾಗಿತ್ತೇನು?" ಎಂದರು.

ಅಷ್ಟರಲ್ಲಿ ಚನ್ನಯ್ಯ ಮಾಸ್ತರರ ಹಾರ್ಮೋನಿಯಂ ರಾಕ್ಷಸಿಯ ಮಟ್ಟನ್ನು ಹಿಡಿಯಿತು.

ರಂಗದ ಮೇಲೆ ನನ್ನ ಪ್ರವೇಶ ಘನವಾಗಿಯೇ ಆಯಿತು. ಮುಂದಿನ ಸಾಲಿನ ಹನ್ನೊಂದು ಮಕ್ಕಳು ಅತ್ತವು. "ತಮ್ಮಾ, ಅಕ್ಕನಿಲ್ಲದೆ ತೊಟ್ಟಿಲು ತೂಗುವೆಯಾ?" ಎಂಬ ಹಾಡನ್ನು ಕೋರೆಹಲ್ಲುಗಳ ನಡುವಿನಿಂದ ಕಷ್ಟಪಟ್ಟು ಹೊರಗೆ ತಂದೆ. ಸಖಿಯರು ಹಿಂದೆ ಸರಿದರು. ನಾನು ತೊಟ್ಟಿಲಿನ ಮೇಲೆ ಬಾಗಿದೆ, ಕೂಸಿನ ಕಿವಿಯ ಹತ್ತಿರ ಬಾಯಿ ತಂದು, ನಾನೂರು ಹೆಂಗಸರಿಗೂ ಕೇಳುವಂತೆ, "ಕುರ್ರ್... ಕುಂಬಳಾಬಾಯಿ" ಎಂದೆ.

ನಾನು ಬರೆದಂತೆ ಆ ಕ್ಷಣಕ್ಕೆ ಗುಡುಗು ಬರಬೇಕು, ಪರದೆ ಬೀಳಬೇಕು. ಗುಡುಗಿಗಾಗಿ ಗುಡ್ಡಪ್ಪ ಎಂಬವನು ಒಂದು ತಗಡನ್ನು ಹಿಡಿದು ಮರೆಯಲ್ಲಿ ನಿಂತಿದ್ದ. ಆದರೆ ಗುಡುಗಿಗಿಂತ ಮೊದಲು ನನ್ನ ಬೆನ್ನಿನ ಮೇಲೆ ಒಂದು ಗುದ್ದು ಬಿತ್ತು.

ತಿರುಗಿ ನೋಡಿದೆ. ಗೋದಾಬಾಯಿಯವರು.

"ಸ್ವಾದರತ್ತಿ ಹೆಸರಿಟ್ಟಳು," ಎಂದು ಅವರು ಸಭೆಯ ಕಡೆಗೆ ಹೇಳಿದರು. "ಸುಮ್ಮನ ಕೂತೀರಲ್ಲ, ಏಳ್ರೆವಾ."

ತೊಟ್ಟಿಲು, ಕೂಸು, ಬಾಗಿದ ಸೋದರತ್ತೆಯ ಬೆನ್ನು ಇವು ಮೂರು ಒಟ್ಟಿಗೆ ಕಂಡ ಮೇಲೆ ಕೈಕಟ್ಟಿ ಕುಳಿತುಕೊಳ್ಳುವ ಹೆಂಗಸು ಹುಬ್ಬಳ್ಳಿಯಲ್ಲಿ ಅಂದಿಗೆ ಹುಟ್ಟಿರಲಿಲ್ಲ. ಅವರು ಸಾಲುಸಾಲಾಗಿ ರಂಗವನ್ನೇರಿದರು. ಗುದ್ದುಗಳಲ್ಲಿ ದ್ವೇಷವಿರಲಿಲ್ಲ, ಶ್ರದ್ಧೆಯಿತ್ತು. ಶ್ರದ್ಧೆಯ ಗುದ್ದು ಹೆಚ್ಚು ನೋಯುತ್ತದೆ. ನನ್ನ ಒಂದು ಕೊಂಬು ತೊಟ್ಟಿಲಿನಲ್ಲಿ ಬಿತ್ತು. ಕೂಸು ಅದನ್ನು ಹಿಡಿದುಕೊಂಡಿತು. ಯಾರೋ ಇಂದುವನ್ನು ಎಳೆದು ತಂದು ಉಡಿ ತುಂಬಿದರು. ಯಾರೋ ಗುಗ್ಗರಿಯ ಬುಟ್ಟಿಯನ್ನು ಕೆಳಗಿಳಿಸಿ ಹಂಚತೊಡಗಿದರು. ಚನ್ನಯ್ಯ ಮಾಸ್ತರರು ಸಭೆಯ ಒಲವನ್ನು ಅರಿತು, ರಾಕ್ಷಸಿಯ ಮಟ್ಟನ್ನು ಅರ್ಧಕ್ಕೆ ಬಿಟ್ಟು ಜೋಗುಳವನ್ನು ಹಿಡಿದರು.

ಮರೆಯಿಂದ ಗುಡ್ಡಪ್ಪನ ತಲೆ ಹೊರಗೆ ಬಂತು.

"ಬಾಯಾರ, ಯಾವ ಗುದ್ದಿಗೆ ಗುಡುಗು ಬಾರಸ್ಲಿರಿ? ಭಾಳ ಬೀಳಾಕತ್ತಾವ."

ನಾಟಕ ಮುಗಿದ ಮೇಲೆ ನಾನು ಗೋದಾಬಾಯಿಯವರನ್ನು ವಖಾರಿಯ ಒಂದು ಮೂಲೆಯಲ್ಲಿ ಹಿಡಿದೆ.

"ಇದೇನು ಮಾಡಿದ್ರಿ ನೀವು?"

"ಏನ ಮಾಡ್ಲಿರಿ? ಬೆನ್ನು ಬಾಗಿದ್ದು ಕಂಡಿತು, ಕುರ್ರ್ ಅಂದದ್ದು ಕೇಳಿಸ್ತು, ಕೈ ತಾನಽ ಎದ್ದಿತು. ನಲವತ್ತು ವರ್ಷದಿಂದ ಗುದ್ದಿದ ಕೈ ಅದು."

"ಈಗ ಕೂಸಿನ ಹೆಸರು ಏನಾತು, ವಿಚಾರ ಮಾಡೀರೇನು?"

ಅವರು ವಿಚಾರ ಮಾಡಿದರು. ಮುಖ ನಿಧಾನವಾಗಿ ಬಿಳಿಚಿತು.

"ಅಯ್ಯ, ನಮ್ಮವ್ವನ ಹೆಸರು," ಎಂದು ಅಲ್ಲಿ ಉಳಿದುಹೋಗಿದ್ದ ಒಂದು ಹತ್ತಿಯ ಅಂಡಿಗೆಯ ಮೇಲೆ ಕುಳಿತುಬಿಟ್ಟರು. ಮೂರು ತಿಂಗಳಲ್ಲಿ ಮೊದಲ ಸಲ ನಾವಿಬ್ಬರೂ ಒಂದೇ ಪಕ್ಷದವರಾದೆವು.

ಮರುದಿನವೇ ಇಬ್ಬರೂ, ಗುರುವಾರದ ಮುಹೂರ್ತ ಇಟ್ಟುಕೊಟ್ಟಿದ್ದ ಪುರೋಹಿತ ಜೋಶಿಯವರ ಮನೆಗೆ ಹೋದೆವು. ಅವರ ಹೆಂಡತಿಯೂ ನಾಟಕಕ್ಕೆ ಬಂದಿದ್ದರೆಂದು, ನನಗೆ ಕೂಡಲು ಮಣೆ ಕೊಡುವಾಗಿನ ಅವರ ಮೃದುತ್ವದಿಂದಲೇ ತಿಳಿಯಿತು. ನಡೆದದ್ದು ಬರಿಯ ನಾಟಕ, ಆದ್ದರಿಂದ ಗುರುವಾರದ ನಾಮಕರಣಕ್ಕೆ ಬಾಧೆಯಿಲ್ಲ ಎಂದು ನಾನು ಅರ್ಧ ತಾಸು ವಾದಿಸಿದೆ. ಜೋಶಿಯವರು ಕಣ್ಣು ಮುಚ್ಚಿ ಕೇಳಿದರು.

"ತೊಟ್ಟಿಲು ಖರೇದೇನ್ರಿ?"

"ಖರೇದು. ನಮ್ಮ ಅಟ್ಟದ್ದು."

"ಕೂಸು?"

"ಖರೇದು."

"ಗುಗ್ಗರಿ?"

"ಅದೂ ಖರೇದು."

"ಸ್ವಾದರತ್ತಿ?"

ನಾನು ಬೆನ್ನು ಸವರಿಕೊಂಡೆ.

"ಹಂಗಾದರ ಸುಳ್ಳು ಅನ್ನೂದು ಏನಿತ್ತು ಅಕ್ಕಾವರ?"

"ಕೋರೆಹಲ್ಲು," ಎಂದೆ.

"ಅದು ಶಾಸ್ತ್ರದಾಗ ಬರೂದಿಲ್ಲ," ಎಂದರು ಜೋಶಿಯವರು. ಆದರೆ ನಮ್ಮಿಬ್ಬರ ಮುಖಗಳನ್ನು ನೋಡಿ ಅವರಿಗೆ ಕನಿಕರ ಹುಟ್ಟಿರಬೇಕು. "ಹಿಂಗ ಮಾಡ್ರಿ. ಕೂಸು ದೊಡ್ಡದಾಗಿ ಮಾತು ಕಲೀಲಿ. ಅದು ತನ್ನ ಬಾಯಿಲೆ ಯಾವ ಹೆಸರು ಹೇಳತದೋ ಅದನ್ನ ಶಾಲಿ ಹೆಸರು ಅಂತ ಇಟ್ಟುಕೊಳ್ರಿ. ಅಲ್ಲೀತನಕ ತೊಟ್ಟಿಲದ ಹೆಸರು."

ಈ ತೀರ್ಪನ್ನು ಸೋಲೆಂದು ನಾನು ತಿಳಿಯಲಿಲ್ಲ. ಕಲಿಸುವ ಕೆಲಸದಲ್ಲಿ ನನ್ನೊಡನೆ ಗೋದಾಬಾಯಿಯವರು ಹೇಗೆ ಸಾಟಿಯಾದಾರು? ಅವರಿಗೆ ಅಕ್ಷರವೇ ಬಾರದು. ಮುಂದಿನ ಐದು ವರ್ಷ ನಮ್ಮಿಬ್ಬರ ನಡುವೆ ಶಾಂತವಾದ ಯುದ್ಧ ನಡೆಯಿತು. ಅವರು ಬೇಸನ್ ಉಂಡೆ ಕೊಟ್ಟು "ತುಂಗಾ ಅನ್ನು" ಎನ್ನುತ್ತಿದ್ದರು. ನಾನು ಪಾಟಿಯ ಮೇಲೆ ಬರೆದು, ಒತ್ತಕ್ಷರ ಬಿಡಿಸಿ, ಉಚ್ಚಾರ ತಿದ್ದಿ, ವಿದ್ಯಾವತಿ ಎನಿಸುತ್ತಿದ್ದೆ. ಹುಡುಗಿ ಉಂಡೆಯನ್ನೂ ತಿಂದಳು, ಪಾಟಿಯನ್ನೂ ಕಲಿತಳು. ನಾವು ಹೊರಟುಹೋದ ಮೇಲೆ ಮನೆಯವರೂ ಓಣಿಯವರೂ, ಹಾಲು ಮಾರುವವಳೂ, ನಮ್ಮ ಯಜಮಾನರೂ ಅವಳನ್ನು ಏನೆಂದು ಕರೆಯುತ್ತಿದ್ದರೆಂಬುದನ್ನು ವಿಚಾರಿಸುವುದು ನನ್ನ ಘನತೆಗೆ ತಕ್ಕದ್ದಾಗಿರಲಿಲ್ಲ.

ಶಾಲೆಗೆ ಸೇರಿಸುವ ದಿನ ಅವಳ ಕೈ ಹಿಡಿದು ನಾನೇ ಕರೆದೊಯ್ದೆ. ಹತ್ತು ಗಂಟೆಯ ಬಿಸಿಲು. ದಾರಿಯಲ್ಲಿ ಎಲ್ಲರೂ ನೋಡಿದರು. ನೋಡಲೆಂದೇ ನಾನು ದೂರದ ದಾರಿ ಹಿಡಿದಿದ್ದೆ. ಮುಖ್ಯ ಅಧ್ಯಾಪಿಕೆಯವರು ಪಟವನ್ನು ತೆರೆದು, ಟಾಕನ್ನು ಮಸಿಯಲ್ಲಿ ಅದ್ದಿದರು.

"ಹೆಸರೇನವಾ?"

"ವಿದ್ಯಾವತಿ," ಎಂದೆ ನಾನು.

"ನಿಮ್ಮನ್ನ ಕೇಳಿಲ್ಲರಿ ಅಕ್ಕಾವರ. ಕೂಸಿಗೆ ಕೇಳೀನಿ."

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ನಮ್ಮ ವಂಶದ ಮೊದಲ ಹಗಲುಶಾಲೆಯ ಹುಡುಗಿ ಬೆನ್ನು ನೆಟ್ಟಗೆ ಮಾಡಿ, ಗದ್ದ ಮೇಲೆತ್ತಿ, ಹಿಂದಿನ ಬೆಂಚಿನವರಿಗೂ ಕೇಳುವಂತೆ ಹೇಳಿದಳು:

"ಕುಂಬಳಾಬಾಯಿ."

ಟಾಕು ಗಾಳಿಯಲ್ಲಿ ನಿಂತಿತು.

"ಯಾರು ಇಟ್ಟಾರವಾ ಈ ಹೆಸರು?"

"ನಮ್ಮತ್ತಿ. ಇಕೀನಽ."

ಅಧ್ಯಾಪಿಕೆಯವರು ನನ್ನ ಕಡೆ ನೋಡಿದರು. "ಬರೀಲೇನ್ರಿ?"

"ಬರೀರಿ," ಎಂದೆ.

ಐದು ವರ್ಷದ ಮಕ್ಕಳು ಸಾಮಾನ್ಯವಾಗಿ ಕುಂಬಲ ಎನ್ನುತ್ತವೆ. ಇವಳ ಳಕಾರ ಶುದ್ಧವಾಗಿತ್ತು. ಅದನ್ನು ಕಲಿಸಿದವಳು ನಾನೇ.